ಯೋಬನ ಮುಖದ ದೇವರು

ಪ್ರಿಯ ಗೆಳೆಯ,

ನಿನ್ನ ಗೋಡೆಯ ಮೇಲಿರುವ ಚಿತ್ರದ ಬಗ್ಗೆ ನೀನು ಕೇಳಿದ್ದೆ. ಸೂರ್ಯಮಂಡಲದಿಂದ ಬಾಗಿ, ಕೈವಾರ ಹಿಡಿದು ಕತ್ತಲನ್ನು ಅಳೆಯುತ್ತಿರುವ ಬಿಳಿಗಡ್ಡದ ಮುದುಕ. ಇಂಗ್ಲಿಷ್ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್ ಅದನ್ನು ತನ್ನ ‘ಯುರೋಪ್’ ಕಾವ್ಯದ ಮುಖಚಿತ್ರವಾಗಿ 1794ರಲ್ಲಿ ಮಾಡಿದ. ಆ ಮುದುಕನ ಹೆಸರು ಯುರಿಜೆನ್. ಬ್ಲೇಕ್ ತಾನೇ ಕಟ್ಟಿದ ಪುರಾಣದಲ್ಲಿ ಲೆಕ್ಕ, ಕಟ್ಟಳೆ, ಶಾಸನಗಳ ಒಡೆಯ. ಅನಂತಕ್ಕೆ ಗೆರೆ ಎಳೆಯುವವನು. ಅವನ ಮುಂದೆ ಕೈಮುಗಿಯುವ ಮೊದಲು ನೀನು ಬ್ಲೇಕ್ ಮಾಡಿದ ಯೋಬನ ಚಿತ್ರಮಾಲೆಯನ್ನು ನೋಡಲೇಬೇಕು. ಯೋಬ ಬೈಬಲಿನ ಕತೆಯವನು, ತಪ್ಪು ಮಾಡದೆಯೂ ಕಷ್ಟಗಳ ಪರೀಕ್ಷೆಗೆ ಒಳಗಾದ ದೈವಭಕ್ತ.

ಬದುಕಿನುದ್ದಕ್ಕೂ ಕಷ್ಟವನ್ನೇ ಉಂಡ ಬ್ಲೇಕ್‌ನಿಗೆ 1823ರಲ್ಲಿ ಆ ಕೆಲಸ ಒಪ್ಪಿಸಿದವನು ಕಿರಿಯ ಚಿತ್ರಕಾರ ಜಾನ್ ಲಿನೆಲ್. ಅರವತ್ತೈದು ದಾಟಿದ ಕೈ ತಾಮ್ರದ ಮೇಲೆ ಉಳಿಯಿಂದ ಗೆರೆ ಗೆರೆಯಾಗಿ 21 ಚಿತ್ರ ಕೊರೆಯಿತು. 1826ರಲ್ಲಿ ಅವು ಪ್ರಕಟವಾದವು.

ಮೊದಲ ಚಿತ್ರದಲ್ಲಿ ಯೋಬ ಮತ್ತು ಹೆಂಡತಿ ಮರದ ಕೆಳಗೆ ತೊಡೆಯ ಮೇಲೆ ಗ್ರಂಥ ಬಿಚ್ಚಿಕೊಂಡು ಕುಳಿತಿದ್ದಾರೆ. ಸುತ್ತ ಮಕ್ಕಳು ಮೊಣಕಾಲೂರಿದ್ದಾರೆ. ಎಲ್ಲವೂ ಭಕ್ತಿಮಯ. ಆದರೆ ವಾದ್ಯಗಳೆಲ್ಲ ಕೊಂಬೆಗೆ ನೇತುಬಿದ್ದಿವೆ, ಯಾರೂ ಮುಟ್ಟಿಲ್ಲ! ಕೆಳಗಿನ ಅಂಚಿನಲ್ಲಿ ಬ್ಲೇಕ್ ಬೈಬಲಿನದೇ ಮಾತು ಕೊರೆದಿದ್ದಾನೆ: ಅಕ್ಷರ ಕೊಲ್ಲುತ್ತದೆ, ಆತ್ಮ ಬದುಕಿಸುತ್ತದೆ. ಯೋಬನ ಮೇಲೆ ಬೀಳುವ ಕಷ್ಟಗಳ ಬೇರು ಇಲ್ಲೇ ಇದೆ ಎಂದು ನನ್ನ ನಂಬಿಕೆ. ಅವನು ನಿಯಮ ತಪ್ಪಿದವನಲ್ಲ, ನಿಯಮವನ್ನೇ ದೇವರೆಂದುಕೊಂಡವನು.

ಹನ್ನೊಂದನೆಯ ಚಿತ್ರ ನನ್ನನ್ನು ಈಗಲೂ ನಡುಗಿಸುತ್ತದೆ. ಮಲಗಿದ ಯೋಬನ ಮೇಲೆ ದೇವರು ಉದ್ದಕ್ಕೂ ಚಾಚಿಕೊಂಡಿದ್ದಾನೆ. ಮೈಗೆ ಹಾವು ಸುತ್ತಿದೆ, ಒಂದು ಕೈ ದೇವರ ಕಟ್ಟಳೆಗಳನ್ನು ಕೆತ್ತಿದ ಶಾಸನದ ಹಲಗೆಗಳತ್ತ ಬೊಟ್ಟು ಮಾಡುತ್ತಿದೆ. ಕಾಲಿನತ್ತ ನೋಡು, ಸೈತಾನನ ಗುರುತಾದ ಸೀಳುಗೊರಸು! ಮುಖ ಮಾತ್ರ ಯೋಬನದೇ. ತಾನೇ ಕಟ್ಟಿಕೊಂಡ ದೇವರನ್ನು ಯೋಬ ಎರಡೂ ಕೈಗಳಿಂದ ದೂರ ತಳ್ಳುತ್ತಿದ್ದಾನೆ. ಧರ್ಮದ ಹೆಸರಿನ ಭಯವನ್ನು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ.

ಮುಂದೆ ಸುಳಿಗಾಳಿಯೊಳಗಿಂದ ಮಾತಾಡುವ ದೇವರಿಗೂ ಯೋಬನ ಮುಖವೇ ಇದೆ, ಈ ಸಲ ಕರುಣೆಯ ಮುಖ. ಕೊನೆಯ ಚಿತ್ರದಲ್ಲಿ ಅದೇ ಮರ, ಅದೇ ಕುಟುಂಬ. ಆದರೆ ಎಲ್ಲರೂ ಎದ್ದು ನಿಂತಿದ್ದಾರೆ, ವಾದ್ಯಗಳು ಕೈಗೆ ಬಂದಿವೆ. ಸಾಲುಸಾಲು ಧರ್ಮೋಪದೇಶಕ್ಕಿಂತ ಈ ಒಂದು ಬದಲಾವಣೆ ನನಗೆ ದೊಡ್ಡದು.

ಹದಿನಾಲ್ಕನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡು. ಕೈಯೆತ್ತಿ ಹಾಡುವ ನಾಲ್ವರು ದೇವದೂತರ ಎರಡೂ ಬದಿಯಲ್ಲಿ ಇನ್ನಷ್ಟು ತೋಳುಗಳು ಅಂಚಿನಿಂದ ಒಳಗೆ ಚಾಚಿವೆ. ಸಾಲು ಚೌಕಟ್ಟಿನಾಚೆಗೂ ಮುಂದುವರಿದಿದೆ. ಯುರಿಜೆನ್‌ನ ಕೈವಾರಕ್ಕೆ ಬ್ಲೇಕ್ ಕೊಟ್ಟ ಉತ್ತರ ಇದೇ ಎಂದು ನನಗನಿಸುತ್ತದೆ. ನಿನಗೇನನಿಸಿತು, ಬರೆ.

ನಿನ್ನವ