ಕೊಲೆಗಾರ ಯಾರು ಅಂತ ಗೊತ್ತಿದ್ರೂ ಓದೋ ಪುಸ್ತಕಗಳು

ಲೋ ಮಾರಾಯ,

ಕಾಲಿನ ಪ್ಲಾಸ್ಟರ್ ತೆಗೆಯೋಕೆ ಇನ್ನೂ ಐದು ವಾರ ಬೇಕು ಅಂತ ಓದಿ ಬೇಜಾರಾಯ್ತು ಕಣೋ. ಆದ್ರೆ ಅದೇ ಮೆಸೇಜಿನ ಕೊನೇಲಿ ಫೋನ್ ನೋಡಿ ನೋಡಿ ಕಣ್ಣು ಉರೀತಿದೆ ಯಾವ್ದಾದ್ರೂ ಒಳ್ಳೆ ಕೊಲೆ ಪುಸ್ತಕ ಇದ್ರೆ ಹೇಳು ಅಂತ ಬರ್ದಿದ್ಯಲ್ಲ, ಅದನ್ನ ನೋಡಿ ಎಷ್ಟು ಖುಷಿ ಆಯ್ತು ಗೊತ್ತಾ, ನೀನು ನನ್ನ ಹತ್ರ ಪುಸ್ತಕ ಕೇಳಿ ಇಪ್ಪತ್ತು ವರ್ಷನಾದ್ರೂ ಆಗಿರ್ಬೇಕು.

ಬಸ್ ಸ್ಟ್ಯಾಂಡ್ ಹಿಂದಿನ ಬಾಡಿಗೆ ಲೈಬ್ರರಿ ನೆನಪಿದ್ಯಾ, ದಿನಕ್ಕೆ 25 ಪೈಸೆ. ಪತ್ತೇದಾರಿ ಕಾದಂಬರಿ ಬರೀತಿದ್ದ ಎನ್. ನರಸಿಂಹಯ್ಯನವರ ಪುಸ್ತಕ ಒಂದೂ ಶೆಲ್ಫಲ್ಲಿ ನಿಲ್ತಾ ಇರ್ಲಿಲ್ಲ, ವಾಪಸ್ ಬಂದ ತಕ್ಷಣ ಯಾರಾದ್ರೂ ಕಿತ್ಕೊಂಡು ಹೋಗೋರು. ಒಂದ್ಸಲ ನಾವಿಬ್ರೂ ಚಿಲ್ರೆ ಸೇರಿಸಿ ಒಂದು ಪುಸ್ತಕ ತಂದ್ವಿ, ಮೊದಲ್ನೇ ಪುಟ ತೆಗೆದ್ರೆ ಯಾವನೋ ಪೆನ್ಸಿಲಲ್ಲಿ ಕೊಲೆಗಾರನ ಹೆಸರು ಬರ್ದು ಅಡಿಗೆರೆ ಎಳೆದಿದ್ದ. ನೀನು ಸಿಟ್ಟಲ್ಲಿ ಪುಸ್ತಕ ನನ್ನ ಕೈಗೆ ಬಿಸಾಕಿ ಹೋದೆ. ನಾನು ಕೂತು ಓದ್ದೆ. ಹೆಸರು ಗೊತ್ತಿದ್ರೂ ಬಿಡೋಕಾಗ್ಲಿಲ್ಲ ಕಣೋ, ಇವನು ಈಗ ಸುಳ್ಳು ಹೇಳ್ತಿದಾನೆ, ಈಗ ಹೆದರಿದ, ಪತ್ತೇದಾರ ಪುರುಷೋತ್ತಮನಿಗೆ ಇದು ಇನ್ನೂ ಗೊತ್ತಾಗಿಲ್ಲ ಅಂತ ನನ್ನೊಳಗೇ ಹೇಳ್ಕೊಂಡು ಓದ್ತಾ ಹೋದೆ. ಅವತ್ತಿಂದ ಪತ್ತೇದಾರಿ ಕಾದಂಬರಿಗೆ ನಾನು ಇಟ್ಟಿರೋ ಪರೀಕ್ಷೆ ಅದೇ, ಮೊದಲ್ನೇ ಪುಟದಲ್ಲಿ ಆ ಪೆನ್ಸಿಲ್ ಗೆರೆ ಇದ್ರೂ ಓದ್ತೀವಾ? ಓದ್ತೀವಿ ಅನ್ನೋದಾದ್ರೆ ಅದು ಪುಸ್ತಕ. ನರಸಿಂಹಯ್ಯನವರು ಸ್ಕೂಲಲ್ಲಿ ಓದಿದ್ದು ನಾಲ್ಕನೇ ಕ್ಲಾಸ್ ತನಕ ಮಾತ್ರ, ಬರ್ದಿದ್ದು 500ಕ್ಕೂ ಜಾಸ್ತಿ ಕಾದಂಬರಿ. ನಮ್ಮತ್ತೆ ಅಕ್ಷರ ಕೂಡಿಸಿ ಓದೋದು ಕಲಿತಿದ್ದೇ ಅವ್ರ ಪುಸ್ತಕಗಳಿಂದ. ಅಂಥವ್ರನ್ನ ಬರೀ ಟೈಂಪಾಸ್ ಅಂತ ಪಕ್ಕಕ್ಕಿಡೋರನ್ನ ಕಂಡ್ರೆ ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಸರಿ, ಈಗ ನಿನ್ನ ಐದು ವಾರಕ್ಕೆ. ಮೊದಲು ಜಪಾನಿಂದ ಶುರು ಮಾಡು, ಕೇಗೊ ಹಿಗಾಶಿನೊ ಬರ್ದಿರೋ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. ಇದು ನನ್ನ ಪೆನ್ಸಿಲ್ ಪರೀಕ್ಷೆಗೇ ಹುಟ್ಟಿರೋ ಪುಸ್ತಕ, ಯಾಕಂದ್ರೆ ಕೊಲೆ ಯಾರು ಮಾಡಿದ್ರು ಯಾಕೆ ಮಾಡಿದ್ರು ಎಲ್ಲಾ ಶುರುವಿನಲ್ಲೇ ನಮ್ಮ ಕಣ್ಮುಂದೆ ನಡೆದುಹೋಗುತ್ತೆ. ಊಟದ ಡಬ್ಬಿ ಮಾರೋ ಅಂಗಡೀಲಿ ಕೆಲಸ ಮಾಡೋ ಯಾಸುಕೊ ಅಂತ ಹೆಂಗಸು, ಕಾಟ ಕೊಡ್ತಿದ್ದ ಹಳೇ ಗಂಡ ಮನೆಗೆ ಬಂದಾಗ ಕೈಮೀರಿ ಅದು ಆಗಿಹೋಗುತ್ತೆ. ಪಕ್ಕದ ಮನೇಲಿ ಇಶಿಗಾಮಿ ಅಂತ ಹೈಸ್ಕೂಲ್ ಮೇಷ್ಟ್ರು, ಗಣಿತದಲ್ಲಿ ಮಹಾ ಬುದ್ಧಿವಂತ, ದಿನಾ ಅವಳ ಅಂಗಡೀಲಿ ಊಟ ಕಟ್ಟಿಸ್ಕೊಂಡು ಹೋಗೋನು, ಒಂದು ದಿನಾನೂ ಮನಸಿನ ಮಾತು ಬಾಯಿಬಿಟ್ಟಿಲ್ಲ. ಅವನು ಬಂದು ಬಾಗಿಲು ತಟ್ಟಿ ನಾನು ನೋಡ್ಕೋತೀನಿ ಅಂತಾನೆ. ಅಷ್ಟೇ, ಮುಂದೆ ನಾನು ಏನೂ ಹೇಳಲ್ಲ. ಒಂದೇ ಮಾತು, ಮೊದಲ ಅಧ್ಯಾಯದಲ್ಲಿ ಅವನು ಬೆಳಿಗ್ಗೆ ನದಿ ಪಕ್ಕದಲ್ಲಿ ನಡ್ಕೊಂಡು ಕೆಲಸಕ್ಕೆ ಹೋಗೋ ದಾರಿ ಇದೆಯಲ್ಲ, ಅದನ್ನ ಹಾರಿಸಬೇಡ, ನಿಧಾನಕ್ಕೆ ಓದು. ಈ ಹಿಗಾಶಿನೊ ಬರಹಗಾರ ಆಗೋಕೆ ಮುಂಚೆ ಇಂಜಿನಿಯರ್ ಆಗಿದ್ದೋನು, ಕಥೆ ಕಟ್ಟಿರೋ ರೀತೀಲೇ ಅದು ಕಾಣ್ಸುತ್ತೆ. 2005ರಲ್ಲಿ ಬಂದ ಪುಸ್ತಕ, ಜಪಾನಿನ ನವೋಕಿ ಪ್ರಶಸ್ತಿ ಬಂದಿದೆ. ಹಿಂದೀಲಿ ಕರೀನಾ ಕಪೂರ್ ಹಾಕ್ಕೊಂಡು ಸಿನಿಮಾನೂ ಮಾಡಿದ್ರು, ನೀನು ಮಾತ್ರ ಅದನ್ನ ಮೊದಲು ನೋಡಬೇಡ. ಇಂಗ್ಲಿಷ್ ಸರಳವಾಗಿದೆ, ನಿನಗೆ ಕಷ್ಟ ಆಗಲ್ಲ.

ಅದು ಮುಗಿದ್ರೆ ಅದೇ ದೇಶದ್ದು ಇನ್ನೊಂದು, ಸೇಚೊ ಮಾತ್ಸುಮೊಟೊ ಅವರ 'ಪಾಯಿಂಟ್ಸ್ ಅಂಡ್ ಲೈನ್ಸ್', ಈಚೆಗೆ 'ಟೋಕಿಯೋ ಎಕ್ಸ್‌ಪ್ರೆಸ್' ಅನ್ನೋ ಹೆಸರಲ್ಲೂ ಸಿಗುತ್ತೆ. 1957-58ರಲ್ಲಿ ಒಂದು ಪ್ರವಾಸದ ಮ್ಯಾಗಜಿನ್‌ನಲ್ಲಿ ಧಾರಾವಾಹಿಯಾಗಿ ಬಂದಿದ್ದು ಅದು. ಸಮುದ್ರದ ದಂಡೇಲಿ ಒಂದು ಗಂಡು ಒಂದು ಹೆಣ್ಣು ವಿಷ ಕುಡಿದು ಸತ್ತುಬಿದ್ದಿರ್ತಾರೆ, ನೋಡಿದೋರೆಲ್ಲ ಪ್ರೇಮಿಗಳ ಆತ್ಮಹತ್ಯೆ ಅಂತ ಮುಗಿಸಿಬಿಡ್ತಾರೆ. ಸತ್ತೋನು ಸರ್ಕಾರಿ ಅಧಿಕಾರಿ, ಅವನಿದ್ದ ಇಲಾಖೇಲಿ ಲಂಚದ ತನಿಖೆ ನಡೀತಾ ಇರುತ್ತೆ. ಆ ಊರಿನ ಒಬ್ಬ ವಯಸ್ಸಾದ ಪೊಲೀಸಿಗೆ ಸತ್ತೋನ ಜೇಬಲ್ಲಿ ರೈಲಿನ ಊಟದ ಬೋಗಿಯ ಒಂದು ಬಿಲ್ ಸಿಗುತ್ತೆ, ಅದ್ರಲ್ಲಿ ಬರೀ ಒಬ್ಬರ ಊಟದ ಲೆಕ್ಕ. ಜೊತೇಲಿ ಸಾಯೋಕೆ ಹೊರಟ ಹುಡುಗಿ ಪಕ್ಕದಲ್ಲೇ ಇರುವಾಗ ಇವನು ಯಾಕೆ ಒಬ್ಬನೇ ಹೋಗಿ ಊಟ ಮಾಡ್ದ? ಈ ಒಂದು ಪ್ರಶ್ನೆ ಹಿಡ್ಕೊಂಡು ಇಡೀ ಕಾದಂಬರಿ ಎದ್ದು ನಿಲ್ಲುತ್ತೆ ಕಣೋ. ಆಮೇಲೆ ಟೋಕಿಯೋ ಸ್ಟೇಷನ್, ಅಲ್ಲಿ 13ನೇ ಪ್ಲಾಟ್‌ಫಾರಂನಲ್ಲಿ ನಿಂತ್ರೆ ನಡುವೆ ರೈಲು ಅಡ್ಡ ಇಲ್ದೆ 15ನೇ ಪ್ಲಾಟ್‌ಫಾರಂ ಕಾಣೋದು ಇಡೀ ಸಂಜೇಲಿ ನಾಲ್ಕೇ ನಿಮಿಷ, ಆ ನಾಲ್ಕು ನಿಮಿಷದಲ್ಲೇ ಅವರಿಬ್ರೂ ರೈಲು ಹತ್ತೋದನ್ನ ಕಂಡ ಸಾಕ್ಷಿಗಳಿದಾರೆ. ರೈಲುಗಳು ನಿಮಿಷ ತಪ್ಪದೆ ಓಡೋ ದೇಶದಲ್ಲಿ ಮಾತ್ರ ಹುಟ್ಟೋಕೆ ಸಾಧ್ಯ ಇರೋ ಕಥೆ ಇದು, ಟೈಂಟೇಬಲ್ ಇಟ್ಕೊಂಡು ಒಬ್ಬ ಮನುಷ್ಯ ಸುಳ್ಳಿನ ಗೋಡೆ ಕಟ್ತಾನೆ, ಇನ್ನೊಬ್ಬ ಅದೇ ಟೈಂಟೇಬಲ್ ಇಟ್ಕೊಂಡು ಅದನ್ನ ಒಂದೊಂದೇ ಇಟ್ಟಿಗೆ ಕೀಳ್ತಾನೆ.

ಅಗಾಥಾ ಕ್ರಿಸ್ಟಿ ಬಗ್ಗೆ ಜಾಸ್ತಿ ಬರೆಯಲ್ಲ, ನಿನಗೆ ಗೊತ್ತಿರೋರೇ. 1926ರ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' ಓದಿಲ್ಲ ಅಂದ್ರೆ ಯಾರಾದ್ರೂ ಹೇಳಿಬಿಡೋಕೆ ಮುಂಚೆ ಓದಿ ಮುಗಿಸು, ಮುಗಿದ ಮಾರನೇ ದಿನವೇ ಇನ್ನೊಂದ್ಸಲ ಓದು, ಅದೇ ವಾಕ್ಯಗಳು ಬೇರೇನೇ ಹೇಳ್ತಿರ್ತವೆ. ಆಕೆ ಮೊದಲನೇ ಮಹಾಯುದ್ಧದ ಹೊತ್ತಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದ್ರು, ವಿಷದ ಲೆಕ್ಕಾಚಾರ ಎಲ್ಲಾ ಅಲ್ಲಿ ಕಲಿತಿದ್ದು.

ಸ್ವೀಡನ್ನಿನ ಮಾಯ್ ಶೋವಾಲ್ ಮತ್ತೆ ಪೆರ್ ವಾಲೂ ಜೋಡಿ ಮಾತ್ರ ಬಿಡಬೇಡ. ಇಬ್ರೂ ಒಟ್ಟಿಗೆ ಬಾಳ್ತಿದ್ದೋರು, ರಾತ್ರಿ ಮಕ್ಕಳನ್ನ ಮಲಗಿಸಿ ಒಬ್ಬರೊಂದು ಅಧ್ಯಾಯ ಇನ್ನೊಬ್ಬರೊಂದು ಅಧ್ಯಾಯ ಬರೀತಿದ್ರು, 1965ರಿಂದ 1975ರ ತನಕ ಒಟ್ಟು ಹತ್ತು ಕಾದಂಬರಿ. 'ದಿ ಲಾಫಿಂಗ್ ಪೊಲೀಸ್‌ಮನ್' ಓದು. ಮಳೆ ಸುರಿಯೋ ನವೆಂಬರ್ ರಾತ್ರಿ, ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆ ತಡೆಯೋಕೆ ಪೊಲೀಸರೆಲ್ಲ ಒಂದು ಕಡೆ ಸೇರಿದಾರೆ, ಇನ್ನೊಂದು ಕಡೆ ಸಿಟಿ ಬಸ್ಸೊಂದರಲ್ಲಿ ಇದ್ದಬದ್ದೋರಿಗೆಲ್ಲ ಗುಂಡು ಹಾರಿಸಿ ಯಾರೋ ಹೋಗಿಬಿಟ್ಟಿದಾರೆ. ಸತ್ತೋರಲ್ಲಿ ಒಬ್ಬ ಪೊಲೀಸ್ ಇಲಾಖೆಯ ಹುಡುಗನೇ, ಅವನಿಗೆ ಆ ಬಸ್ಸಲ್ಲಿ ಏನು ಕೆಲಸ ಅಂತ ಸಹೋದ್ಯೋಗಿಗಳಿಗೇ ಗೊತ್ತಿಲ್ಲ. ಇಲ್ಲಿ ಜಾಣ ಪತ್ತೇದಾರ ಯಾರೂ ಇಲ್ಲ ಕಣೋ, ಶೀತ ಆಗಿರೋ, ಹೊಟ್ಟೆ ಸರಿ ಇಲ್ದಿರೋ, ಮನೇಲಿ ಮಾತಿಲ್ಲದ ಸುಸ್ತಾದ ಮನುಷ್ಯರು, ವಾರಗಟ್ಟಲೆ ಮನೆ ಮನೆ ಬಾಗಿಲು ತಟ್ತಾರೆ. ನಮ್ಮ ಚಿಕ್ಕಪ್ಪ ಸ್ಟೇಷನ್ನಿಂದ ಬಂದು ಟೋಪಿ ಮೊಳೆಗೆ ನೇತುಹಾಕಿ ಮಾತಾಡದೆ ಕೂರ್ತಿದ್ರಲ್ಲ, ಆ ಮುಖ ಈ ಪುಸ್ತಕದ ತುಂಬಾ ಇದೆ.

ಇಷ್ಟೆಲ್ಲ ಹೊರಗಿನದ್ದು ಓದಿ ಆಮೇಲೆ ಮನೆಗೆ ಬಾ, ತೇಜಸ್ವಿಯವರ 'ಚಿದಂಬರ ರಹಸ್ಯ'ಕ್ಕೆ. ಕಾಲೇಜಲ್ಲಿ ಪಾಠ ಅಂತ ಓದಿದ್ದು ಲೆಕ್ಕಕ್ಕಿಲ್ಲ, ಈಗ ಪತ್ತೇದಾರಿ ಕಾದಂಬರಿ ಅಂತ ಓದು. ಕೆಸರೂರಲ್ಲಿ ಏಲಕ್ಕಿ ಬೆಳೆ ನೆಲ ಕಚ್ತಾ ಇದೆ, ಜೋಗಿಹಾಳ ಅನ್ನೋ ಏಲಕ್ಕಿ ವಿಜ್ಞಾನಿ ಸತ್ತಿದಾನೆ, ತನಿಖೆ ಮಾಡೋಕೆ ಶ್ಯಾಮನಂದನ ಅಂಗಡಿ ಬಂದು ಸೇರ್ತಾನೆ. ಅಂಗಡಿ ಯಾವ ಎಳೆ ಹಿಡಿದು ಎಳೆದ್ರೂ ಅದರ ಜೊತೆ ಊರೇ ಬರುತ್ತೆ, ಜಾತಿ ಬರುತ್ತೆ, ಧರ್ಮ ಬರುತ್ತೆ, ಕ್ರಾಂತಿ ಮಾಡ್ತೀವಿ ಅನ್ನೋ ಹುಡುಗ್ರು ಬರ್ತಾರೆ, ಒಂದು ಹುಡುಗ ಹುಡುಗಿಯ ಪ್ರೀತಿ ಬರುತ್ತೆ. ಕಾಡು ಕಡಿದು ಮಳೆ ಕಮ್ಮಿಯಾಗಿ ತೋಟ ಒಣಗೋದು ಒಂದು ಅಪರಾಧ ಆದ್ರೆ ಅದರ ಆರೋಪಿ ಯಾರು ಅಂತ ಕೇಳಿದ ಪುಸ್ತಕ ಇದು, 1985ರಷ್ಟು ಹಿಂದೇನೇ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊರಗಿನ ಪುಸ್ತಕಗಳಲ್ಲಿ ಕೊಲೆಗಾರ ಸಿಕ್ಕಿದ ಮೇಲೆ ಊರು ಮೊದಲಿನ ಹಾಗೆ ಆಗುತ್ತೆ, ಕೆಸರೂರಿಗೆ ಆ ಭಾಗ್ಯ ಇಲ್ಲ. ನಮ್ಮ ಕಡೆ ತೋಟಗಳನ್ನ ಈಗ ನೋಡ್ತಾ ಅದನ್ನ ಓದಿದ್ರೆ ಎದೆ ಭಾರ ಆಗುತ್ತೆ ಮಾರಾಯ. ಜೊತೆಗೆ 'ಜುಗಾರಿ ಕ್ರಾಸ್' ಇಟ್ಕೋ, ಏಲಕ್ಕಿ ಮಾರೋಕೆ ಹೋದ ಸುರೇಶ, ಗೌರಿ ಇಬ್ಬರ ಒಂದು ದಿನದ ಕಥೆ, ಒಂದೇ ರಾತ್ರೀಲಿ ಮುಗಿಸ್ತೀಯ. ಬೆಂಗಳೂರಿನ ಕಥೆ ಬೇಕು ಅಂದ್ರೆ ಅನಿತಾ ನಾಯರ್ ಅವರ ಇನ್ಸ್‌ಪೆಕ್ಟರ್ ಬೋರೇಗೌಡ ಇದಾನೆ, 'ಕಟ್ ಲೈಕ್ ವೂಂಡ್', ಶಿವಾಜಿನಗರದ ರಾತ್ರಿಗಳು.

ಕೊನೇದು ಕೊನೆಗೇ ಓದು. ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಡ್ಯೂರೆನ್‌ಮಾಟ್ ಬರ್ದ 'ದಿ ಪ್ಲೆಡ್ಜ್', ಸಣ್ಣ ಪುಸ್ತಕ, 1958ರದ್ದು. ಮೊದಲು ಅವನು ಇದೇ ಕಥೇನ ಒಂದು ಸಿನಿಮಾಕ್ಕೆ ಬರೆದಿದ್ದ, ಅಲ್ಲಿ ಎಲ್ಲಾ ಸರಿಯಾಗಿ ಮುಗಿಯುತ್ತೆ, ಅದು ಮನಸಿಗೆ ಒಪ್ಪದೆ ಮತ್ತೆ ಕೂತು ಕಾದಂಬರಿ ಮಾಡಿ ಅದಕ್ಕೆ ಪತ್ತೇದಾರಿ ಕಾದಂಬರಿಗೊಂದು ಚರಮಗೀತೆ ಅನ್ನೋ ಅರ್ಥದ ಅಡಿಹೆಸರಿಟ್ಟ. ಮಗಳನ್ನ ಕಳ್ಕೊಂಡ ತಾಯಿಗೆ ಒಬ್ಬ ಪೊಲೀಸ್ ಮಾತು ಕೊಡ್ತಾನೆ, ಹಿಡಿದೇ ಹಿಡೀತೀನಿ ಅಂತ. ಆ ಮಾತು ಉಳಿಸ್ಕೊಳ್ಳೋಕೆ ಹೆದ್ದಾರೀಲಿ ಒಂದು ಪೆಟ್ರೋಲ್ ಬಂಕ್ ಹಿಡ್ಕೊಂಡು ಕಾಯ್ತಾ ಕೂರ್ತಾನೆ. ಅವನ ಲೆಕ್ಕ ಎಲ್ಲಾ ಸರಿಯಾಗಿದೆ, ಒಂದೂ ತಪ್ಪಿಲ್ಲ. ನಾನು ಇದನ್ನ ಓದಿ ಮುಗಿಸಿದ ರಾತ್ರಿ ಹೊರಗೆ ಹೋಗಿ ಜಗಲೀಲಿ ಕೂತಿದ್ದೆ, ಯಾರ ಹತ್ರನಾದ್ರೂ ಮಾತಾಡಬೇಕು ಅನ್ನಿಸ್ತಿತ್ತು, ಮನೇಲಿ ಎಲ್ಲರೂ ಮಲಗಿದ್ರು.

ನನ್ನ ಹತ್ರ ಇರೋ ನಾಲ್ಕನ್ನ ನಾಳೆ ಬಸ್ಸಲ್ಲಿ ಪಾರ್ಸೆಲ್ ಹಾಕ್ತೀನಿ. 'ದಿ ಪ್ಲೆಡ್ಜ್' ಮುಗಿದ ತಕ್ಷಣ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾಗಿದ್ರೂ ಎತ್ತೀನಿ.

ಇಂತಿ ನಿನ್ನ,
25 ಪೈಸೆ ಪಾಲುದಾರ