ಕಿಡ್ನಿ ಕಲ್ಲಿನ ಮೂತ್ರ ಪರೀಕ್ಷೆ: ಇನ್ನು ಒಂದು ಬಾಟಲಿ ಸಾಲದು

ಆತ್ಮೀಯ ಗ್ರಾಹಕರೇ,

ಒಂದು ಸಲ ಹಿಡಿದು ತಂದ ಮೂತ್ರ ನೋಡಿ ‘ಕಲ್ಲಾಗುವ ಸಾಧ್ಯತೆ ಹೆಚ್ಚು’ ಅಥವಾ ‘ಕಡಿಮೆ’ ಎಂದು ಬರೆದುಕೊಡುವುದನ್ನು ನಮ್ಮ ಪ್ರಯೋಗಾಲಯ ಬರುವ ತಿಂಗಳ 1ರಿಂದ ನಿಲ್ಲಿಸುತ್ತಿದೆ. ಇನ್ನು ಮುಂದೆ 24 ಗಂಟೆಯ ಪೂರ್ತಿ ಮೂತ್ರ ಬೇಕು, ಅದೂ ಬೇರೆ ಬೇರೆ ದಿನ ಎರಡು ಸಲ. ಐದು ನಿಮಿಷದ ಕೆಲಸವನ್ನು ಎರಡು ದಿನದ ರಗಳೆ ಮಾಡಿದಿರಿ ಎಂದು ನೀವು ಬೈದರೆ ಅದು ನ್ಯಾಯವೇ.

ತಪ್ಪು ನಮ್ಮದೂ ಇದೆ. ಹೆಚ್ಚಿನ ಕಲ್ಲುಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಸೂಕ್ಷ್ಮದರ್ಶಕದಲ್ಲಿ ಅಂಚೆ ಲಕೋಟೆಯ ಬೆನ್ನಿನಂತೆ ಕಾಣುತ್ತದೆ: ಪುಟ್ಟ ಚೌಕ, ಅದರ ಮೇಲೆ ಕತ್ತರಿ ಗೀಟು. ಕಂಡಾಗಲೆಲ್ಲ ‘ಹರಳು ಇದೆ’ ಎಂದು ಬರೆಯುತ್ತಿದ್ದೆವು. ಆದರೆ ಎಂದೂ ಕಲ್ಲಾಗದವರ ಮೂತ್ರದಲ್ಲೂ ಅದು ಸಿಗುತ್ತದೆ. ಬಾಟಲಿ ತಣ್ಣಗಾಗುತ್ತಾ ಕೂತರೆ ಅದರೊಳಗೇ ಹುಟ್ಟಿಕೊಳ್ಳುತ್ತದೆ. ಅಂಥದ್ದೊಂದು ವರದಿ ಓದಿ ಹೆದರಿದ ಗ್ರಾಹಕರೊಬ್ಬರು ಕ್ಯಾಲ್ಸಿಯಂ ಬೇಡವೆಂದು ತಾವಾಗಿಯೇ ಹಾಲು ಬಿಟ್ಟಿದ್ದರು. ಅದು ತಿರುಗುಬಾಣ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು (ಸೊಪ್ಪು, ಬೀಜಗಳಂಥ ಆಹಾರದಲ್ಲಿರುವ ವಸ್ತು) ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ಅದು ಕಡಿಮೆಯಾದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೇ ಬರುತ್ತದೆ. ಮತ್ತೆ ಮತ್ತೆ ಕಲ್ಲಾಗುತ್ತಿದ್ದ ಗಂಡಸರನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ, ಅದನ್ನು ಸಾಕಷ್ಟು ತಿಂದು ಉಪ್ಪು, ಮಾಂಸ ಕಡಿಮೆ ಮಾಡಿದವರಿಗೇ ಕಲ್ಲು ಮರುಕಳಿಸಿದ್ದು ಕಡಿಮೆ.

ಬೆಳಗಿನ ಮೂತ್ರ ಗಾಢ, ನೀರು ಕುಡಿದ ಮೇಲಿನದ್ದು ತಿಳಿ. ಉಪ್ಪಿನ ಊಟವಾದ ಮೇಲೆ ಕ್ಯಾಲ್ಸಿಯಂ ಏರುತ್ತದೆ. ಯಾವುದೋ ಒಂದು ಗಳಿಗೆಯ ಬಾಟಲಿ ಇದನ್ನೆಲ್ಲ ಹೇಳಲಾರದು. ಇಡೀ ದಿನದ್ದಾದರೆ ಮೂತ್ರದ ಒಟ್ಟು ಪ್ರಮಾಣ (ಕಲ್ಲಾದವರಿಗೆ ದಿನಕ್ಕೆ 2.5 ಲೀಟರ್ ಗುರಿ), ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ, ಸೋಡಿಯಂ, ಪಿಎಚ್ (ಮೂತ್ರ ಎಷ್ಟು ಆಮ್ಲೀಯ ಎಂಬ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಎಲ್ಲ ತಿಳಿಯುತ್ತವೆ. ಜೊತೆಗೆ ಸಿಟ್ರೇಟ್. ಎಲ್ಲರೂ ‘ಏನು ಹೆಚ್ಚಾಗಿದೆ’ ಎಂದೇ ಕೇಳುತ್ತಾರೆ. ಸಿಟ್ರೇಟ್ ಮಾತ್ರ ಕಡಿಮೆಯಾದರೆ ಚಿಂತೆ. ಕ್ಯಾಲ್ಸಿಯಂ ಹರಳುಗಟ್ಟದಂತೆ ತಡೆಯುವುದು ಅದೇ. ಪಿಎಚ್ 5.5ಕ್ಕಿಂತ ಕೆಳಗೇ ಇರುವವರಲ್ಲಿ ಯೂರಿಕ್ ಆಮ್ಲದ ಕಲ್ಲಿನ ಅನುಮಾನ ಬರುತ್ತದೆ.

ಸಂಗ್ರಹಿಸುವ ಬಗೆ ಹೀಗೆ. ಬೆಳಿಗ್ಗೆ 7ಕ್ಕೆ ಎದ್ದಿರಿ ಎನ್ನಿ. ಆಗಿನದ್ದನ್ನು ಶೌಚಾಲಯಕ್ಕೇ ಬಿಡಿ, ಗಂಟೆ ಬರೆದಿಡಿ. ಆಮೇಲಿನ ಪ್ರತಿ ಹನಿಯೂ ಡಬ್ಬಕ್ಕೆ, ಮರುದಿನ 7ರದ್ದೂ ಸೇರಿ. ಆ ಮೊದಲನೆಯದನ್ನೂ ಡಬ್ಬಕ್ಕೆ ಹಾಕಿಬಿಟ್ಟು ಹೆಚ್ಚಿನವರು ಎಡವುತ್ತಾರೆ. ಡಬ್ಬ ಫ್ರಿಜ್ಜಿನಲ್ಲಿರಲಿ, ಮನೆಯವರು ಮುಖ ಸಿಂಡರಿಸಿದರೆ ಮೇಲೊಂದು ಚೀಲ ಮುಚ್ಚಿ. ತಣ್ಣಗಾಗಿ ಹರಳುಗಟ್ಟಿದರೂ ಚಿಂತೆಯಿಲ್ಲ, ಇಲ್ಲಿ ಪಾಲು ಮಾಡಿ ಒಂದು ಪಾಲಿಗೆ ಆಮ್ಲ ಬೆರೆಸಿ ಕರಗಿಸುತ್ತೇವೆ. ಆಮ್ಲವನ್ನು ಮೊದಲೇ ಡಬ್ಬಕ್ಕೆ ಹಾಕಿ ಕೊಟ್ಟರೆ ಪಿಎಚ್ ಅಳೆಯಲು ಬರುವುದಿಲ್ಲ.

ನಡುವೆ ಒಂದು ಸಲ ಮರೆತು ಹೋಯಿತೇ? ಮುಚ್ಚಿಡಬೇಡಿ, ಹೇಗೂ ಕ್ರಿಯಾಟಿನಿನ್ ಚಾಡಿ ಹೇಳುತ್ತದೆ. ಸ್ನಾಯುಗಳಿಂದ ಬರುವ ಈ ವಸ್ತು ಒಬ್ಬೊಬ್ಬರಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣ. ಗಂಡಸರಲ್ಲಿ ತೂಕದ ಪ್ರತಿ ಕಿಲೋಗೆ ಸುಮಾರು 20 ಮಿಲಿಗ್ರಾಂ. ಅದು ಅರ್ಧಕ್ಕೆ ಇಳಿದಿದ್ದರೆ ಡಬ್ಬವೂ ಅರ್ಧ ದಿನದ್ದೇ ಇರಬೇಕು. ಹೇಳಿದರೆ ಇನ್ನೊಂದು ಡಬ್ಬ ಕೊಡುತ್ತೇವೆ.

ಪರೀಕ್ಷೆಗೆಂದೇ ಬಿಂದಿಗೆಗಟ್ಟಲೆ ನೀರು ಕುಡಿಯಬೇಡಿ, ಪಥ್ಯವೂ ಬೇಡ, ನಿತ್ಯದಂತೆಯೇ ಇರಿ. ವಿಟಮಿನ್ ಸಿ ಮಾತ್ರೆ ನುಂಗುತ್ತಿದ್ದರೆ ತಿಳಿಸಿ, ಅದು ಆಕ್ಸಲೇಟ್ ಏರಿಸುತ್ತದೆ. ಕಲ್ಲಿನ ನೋವೋ ಸೋಂಕೋ ಈಗಷ್ಟೇ ಕಳೆದಿದ್ದರೆ ಆರು ವಾರ ತಡೆದು ಬನ್ನಿ.

ಹೊಸ ವರದಿಯಲ್ಲಿ ‘ಅಪಾಯ’ ಎಂಬ ಷರಾ ಇರುವುದಿಲ್ಲ. ಎರಡು ದಿನದ ಅಂಕಿಗಳು ಅಕ್ಕಪಕ್ಕ ಇರುತ್ತವೆ, ಅರ್ಥ ಹೇಳುವುದು ನಿಮ್ಮ ವೈದ್ಯರ ಕೆಲಸ. ಕಲ್ಲು ಉದುರಿ ಕೈಗೆ ಸಿಕ್ಕಿದ್ದರೆ ಎಸೆಯದೆ ಒಂದು ಒಣ ಡಬ್ಬಿಯಲ್ಲಿ ಹಾಕಿ ಅದನ್ನೂ ತನ್ನಿ. ಈ ತಿಂಗಳಿಗೆ ಈಗಾಗಲೇ ಹೆಸರು ಬರೆಸಿದವರು ಹಳೆಯ ಪರೀಕ್ಷೆಯನ್ನೇ ಮಾಡಿಸಬಹುದು. ಆ ವರದಿಯಲ್ಲೂ ಸಾಧ್ಯತೆ ‘ಹೆಚ್ಚು’, ‘ಕಡಿಮೆ’ ಎಂದು ಬರೆಯುತ್ತಿದ್ದ ಕೊನೆಯ ಸಾಲನ್ನು ಖಾಲಿ ಬಿಡುತ್ತೇವೆ.

ಇಂತಿ,
ಪ್ರಯೋಗಾಲಯದ ಸಿಬ್ಬಂದಿ