ಬಿರುಕಿಗೆ ಗಾಜು ಅಂಟಿಸಿದ ಮೇಸ್ತ್ರಿಗೆ

ಜುಲೈ ತಿಂಗಳ ಜಡಿಮಳೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಿಂದಿನ ಮೂಲೆಯಲ್ಲಿ ಪಂಚಾಂಗ, ಅಂದರೆ ಅಡಿಪಾಯ, ಬಿರುಕು ಬಿಟ್ಟಿತ್ತು. ಅಲ್ಲಿಂದ ಗೋಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿತ್ತು. ಅಮ್ಮ ಮಲಗುವ ಕೋಣೆ ಅದು. ನೋಡಿದವರೊಬ್ಬರು ಮೂಲೆ ಪೂರ್ತಿ ಒಡೆದು ಕಟ್ಟಬೇಕು ಅಂದರು. ಅವತ್ತು ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಪಕ್ಕದ ಮನೆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ಒಬ್ಬರನ್ನು ಕರೆದೆ. ಪರಿಚಯವೂ ಇರಲಿಲ್ಲ. ಒದ್ದೆ ನೆಲದಲ್ಲೇ ಮಂಡಿಯೂರಿ, ಟಾರ್ಚ್ ಹಿಡಿದು ನೋಡಿದರು. ಆಮೇಲೆ ಸೂರಿನ ಕಡೆ ಕೈ ತೋರಿಸಿದರು. ಮಳೆನೀರು ಹರಿದುಹೋಗಲು ಸೂರಿಗೆ ಕಟ್ಟಿದ್ದ ದಂಬೆ ಒಡೆದು ಮಾಡಿನ ನೀರೆಲ್ಲ ಅದೇ ಮೂಲೆಗೆ ಬೀಳುತ್ತಿತ್ತು. ಮಣ್ಣು ಮೆತ್ತಗಾಗಿ ಕುಸಿದಿತ್ತು, ಅಷ್ಟೇ.

ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದರು. ಅಡ್ಡಲಾಗಿ ಒಂದು ಗಾಜಿನ ಚೂರನ್ನು ಸಿಮೆಂಟಿನಲ್ಲಿ ಅಂಟಿಸಿದರು. "ಅಮ್ಮಾ, ಈ ಗಾಜು ಒಡೆದರೆ ಗೋಡೆ ಇನ್ನೂ ಜರುಗ್ತಿದೆ ಅಂತ. ಮಳೆ ಮುಗಿಯುವವರೆಗೆ ನಡುಮನೆಯಲ್ಲಿ ಮಲಗಿ" ಅಂದರು. ಹೊಸ ದಂಬೆ ಕಟ್ಟಿ, ನೀರು ದೂರ ಹೋಗಲು ಕಾಲುವೆ ತೋಡಿಸಿದರು. ಹೋಗುವಾಗ ಅಮ್ಮನ ಮಂಚವನ್ನೂ ತಾವೇ ಎತ್ತಿ ನಡುಮನೆಗೆ ತಂದಿಟ್ಟರು.

ಮಳೆ ಮುಗಿಯುವವರೆಗೂ ದಿನಾ ಬೆಳಿಗ್ಗೆ ಮೊದಲು ಆ ಗಾಜು ನೋಡುತ್ತಿದ್ದೆ. ಒಡೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಹೇಳಿದ ದಿನವೇ ಬಂದರು. ಬಿರುಕನ್ನು ಅಗಲ ಮಾಡಿ, ಬ್ರಷ್‌ನಿಂದ ಧೂಳು ತೆಗೆದು, ನೀರು ಹಾಕಿ, ಗಾರೆ ತುಂಬಿದರು. "ಬರೀ ಮೇಲೆ ಬಳಿದರೆ ಮತ್ತೆ ಬಿಡುತ್ತೆ" ಅಂತ ನಿಧಾನವಾಗಿ ಮಾಡಿದರು. ತೆಗೆದುಕೊಂಡಿದ್ದು ದಿನಗೂಲಿ ಮಾತ್ರ.

ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅಣ್ಣಾ, ಅಮ್ಮ ಈಗ ತನ್ನ ಕೋಣೆಯಲ್ಲೇ ಮಲಗುತ್ತಾಳೆ. ನಿಮಗೆ ತುಂಬಾ ಧನ್ಯವಾದ.